ಬಂಗಲೆಯ ಒಲೆಯ ಮೇಲೆ ಕುದಿದ ಕತ್ತರಿ: ಮಿಷನ್ ವೈದ್ಯರ ಮನೆ ಹೇಗೆ ನಡೆಯುತ್ತಿತ್ತು

ಹೊಸನಗರ, ತೀರ್ಥಹಳ್ಳಿ, ಸೊರಬದ ಒಳಊರುಗಳಲ್ಲಿ ಆಸ್ಪತ್ರೆಯ ಮಾತೆತ್ತಿದರೆ ಬರುವ ದೂರು ಹೆಚ್ಚುಕಡಿಮೆ ಒಂದೇ: 'ಆಸ್ಪತ್ರೆ ಇದೆ, ರಾತ್ರಿ ಡಾಕ್ಟ್ರು ಇರಲ್ಲ.' ಪ್ರಾಥಮಿಕ ಆರೋಗ್ಯ ಕೇಂದ್ರದ ಪಕ್ಕದಲ್ಲೇ ವೈದ್ಯರ ವಸತಿಗೃಹ ಇರುತ್ತದೆ. ಎಷ್ಟೋ ಕಡೆ ಅದಕ್ಕೆ ಬೀಗ, ಹೆಂಚಿನ ಮೇಲೆ ಪಾಚಿ. ವೈದ್ಯರು ಬೆಳಿಗ್ಗೆ ಪೇಟೆಯಿಂದ ಬಂದು ಸಂಜೆ ಹೊರಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಮಲೆನಾಡಿನ ಹಳ್ಳಿಯೊಂದರಲ್ಲಿ ವೈದ್ಯರು ವರ್ಷಗಟ್ಟಲೆ ಸಂಸಾರ ಹೂಡಿ ಇರಬೇಕಾದರೆ ಏನೇನು ಬೇಕು ಎಂಬ ಪ್ರಶ್ನೆಯನ್ನು ನಾವು ಸರಿಯಾಗಿ ಕೇಳಿಕೊಂಡೇ ಇಲ್ಲ. ಅದಕ್ಕೆ ಹಿಂದೊಮ್ಮೆ ಒಂದು ಉತ್ತರ ಇತ್ತು. ಅದು ಕ್ರೈಸ್ತ ಮಿಷನ್ ವೈದ್ಯರ ಮನೆ. ಆಸ್ಪತ್ರೆ ಎನ್ನುವುದಕ್ಕಿಂತ ಮನೆ ಎನ್ನುವುದೇ ಸರಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಘಟ್ಟದ ಮೇಲೆ, ಹಳೆ ಮೈಸೂರು ಸೀಮೆಯಲ್ಲಿ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಶಿವಮೊಗ್ಗ, ಚಿಕ್ಕಮಗಳೂರು, ಹಾಸನಗಳಲ್ಲಿ ನೆಲೆ ಮಾಡಿತು. ಮೊದಮೊದಲು ಬಂದವರು ಪಾದ್ರಿಗಳು, ಡಾಕ್ಟರಲ್ಲ. ಆದರೂ ಮಿಷನ್ ಬಂಗಲೆಗಳಲ್ಲಿ ಒಂದು ಔಷಧಿ ಪೆಟ್ಟಿಗೆ ಇದ್ದೇ ಇರುತ್ತಿತ್ತು: ಕ್ವಿನೈನ್, ಹರಳೆಣ್ಣೆ, ಭೇದಿಯುಪ್ಪು, ಹುಣ್ಣಿಗೆ ಹಚ್ಚುವ ಮುಲಾಮು. ಬೆಳಗಾದರೆ ಜಗಲಿಯ ಮೇಲೆ ಜ್ವರದವರು ಕೂತಿರುತ್ತಿದ್ದರು. ಓದಿದ ವೈದ್ಯರು ಮತ್ತು ಕಟ್ಟಿದ ಆಸ್ಪತ್ರೆಗಳು ಬಂದದ್ದು ಹೆಚ್ಚಾಗಿ 20ನೇ ಶತಮಾನದ ಆರಂಭಕ್ಕೆ. ಇಂದಿಗೂ ಜನರ ಬಾಯಲ್ಲಿ 'ಜರ್ಮನ್ ಆಸ್ಪತ್ರೆ' ಆಗಿರುವ ಗದಗ-ಬೆಟಗೇರಿಯದು, 1906ರ ಮೈಸೂರಿನ ಹೋಲ್ಡ್ಸ್‌ವರ್ತ್, ಹಾಸನದ ರೆಡ್‌ಫರ್ನ್, ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದದ್ದು. ಸಕಲೇಶಪುರದ ಕಡೆಯವರಿಗೆ ಹಾಸನ ಹತ್ತಿರ, ಆಗುಂಬೆ ಸುತ್ತಿನವರಿಗೆ ಘಟ್ಟ ಇಳಿದರೆ ಉಡುಪಿ. ಶಿವಮೊಗ್ಗದ ಮೆಗ್ಗಾನ್ ಹೆಸರು ಕೇಳಿ ಅದೂ ಮಿಷನ್ನಿನದೇ ಎಂದುಕೊಳ್ಳುವವರಿದ್ದಾರೆ. ಅದು ಸರ್ಕಾರಿ ಆಸ್ಪತ್ರೆ.

ವೈದ್ಯರು ರೋಗಿಯ ಹತ್ತಿರವೇ ಇರಬೇಕಾದದ್ದಕ್ಕೆ ದಾರಿಯೇ ಕಾರಣ. ಬೀರೂರಿನಿಂದ ಶಿವಮೊಗ್ಗಕ್ಕೆ 1889ರಲ್ಲಿ ರೈಲು ಬಂತು. ಅಲ್ಲಿಂದ ಮುಂದೆ ಸಾಗರ ದಾಟಿ ತಾಳಗುಪ್ಪ ಮುಟ್ಟಲು 1940ರವರೆಗೆ ಕಾಯಬೇಕಾಯಿತು. ನಡುವಿನ ಕಾಲ ಹೆಚ್ಚಾಗಿ ಎತ್ತಿನ ಗಾಡಿಯದು. ಗಾಡಿ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್ ಹೋಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಸುಮಾರು 60 ಕಿಲೋಮೀಟರಿಗೆ ಎತ್ತಿನ ವಿಶ್ರಾಂತಿ ಸೇರಿ ಎರಡು ದಿನ. ಅಡ್ಡ ಸಿಕ್ಕಿಕೊಂಡ ಮಗುವಿನ ಹೆರಿಗೆ ಎರಡು ದಿನ ಕಾಯುವುದಿಲ್ಲ.

ಮನೆಯ ದಿನ ಶುರುವಾಗುತ್ತಿದ್ದುದು ನೀರು ಮತ್ತು ಸೌದೆಯಿಂದ. ಕುಡಿಯುವ ನೀರು, ಗಾಯ ತೊಳೆಯುವ ನೀರು, ಕತ್ತರಿ-ಚಿಮಟ ಕುದಿಸುವ ನೀರು ಬೇರೆ ಬೇರೆ ಪಾತ್ರೆಯಲ್ಲಿ. ಶಸ್ತ್ರಗಳನ್ನು ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 20 ನಿಮಿಷ ಕುದಿಸಬೇಕು. ಪಾತ್ರೆ ಒಲೆಗೇರಿದ ಹೊತ್ತಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಡುವೆ ಇನ್ನೊಂದು ಕತ್ತರಿ ಹಾಕಿದರೆ ಮತ್ತೆ ಒಂದರಿಂದ ಎಣಿಕೆ. ಇಷ್ಟಾದರೂ ಧನುರ್ವಾಯುವಿನ ಬೀಜಾಣು ಕುದಿನೀರಿನಲ್ಲಿ ಸಾಯುವುದಿಲ್ಲ. ಅದಕ್ಕೆ ಒತ್ತಡದ ಹಬೆ ಬೇಕು: 15 ಪೌಂಡ್ ಒತ್ತಡ, 121 ಡಿಗ್ರಿ ಸೆಲ್ಸಿಯಸ್, ಶಸ್ತ್ರಕ್ಕೆ 15-20 ನಿಮಿಷ, ಬಟ್ಟೆಯ ಡಬ್ಬಕ್ಕೆ ಅರ್ಧ ಗಂಟೆ. ಇಲ್ಲಿ ಆಗುತ್ತಿದ್ದ ತಪ್ಪು ಒಂದೇ ಬಗೆಯದು. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಕವಾಟ ಮುಚ್ಚಿದರೆ ಮುಳ್ಳು 15 ಎಂದೇ ತೋರಿಸುತ್ತದೆ, ಆದರೆ ಬಿಸಿ 121 ಮುಟ್ಟಿರುವುದಿಲ್ಲ. ಮುಳ್ಳನ್ನು ನಂಬಿದವರ ಕೈಯಲ್ಲಿ ಗಾಯ ಕೀವಾಗುತ್ತಿತ್ತು. ಹಬೆ ಒಂದೇ ಸಮನೆ ಬಿರುಸಾಗಿ ನುಗ್ಗುವವರೆಗೆ ಕಾದು ಕವಾಟ ಮುಚ್ಚುವುದು ಕಲಿತ ಕೈಯ ಕೆಲಸ.

ಮಳೆಗಾಲದಲ್ಲಿ ಇದೇ ಕೆಲಸ ದುಪ್ಪಟ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗೆ ಒಣಹಾಕಿದ ಬಟ್ಟೆ ಒಣಗುವುದೆಂದರೇನೆಂದು ಮಲೆನಾಡಿನ ಯಾವ ಮನೆಗೂ ವಿವರಿಸಬೇಕಿಲ್ಲ. ಹಸಿಯಾಗಿ ಹೊರಬಂದ ಬಟ್ಟೆಯ ಗಂಟು ಶುದ್ಧವಲ್ಲ, ಏಕೆಂದರೆ ಒದ್ದೆ ನೂಲಿನ ದಾರಿಯಲ್ಲೇ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಹಾಗಾಗಿ ಬಚ್ಚಲೊಲೆಯ ಮೇಲೆ ಹಗ್ಗ, ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಪಟ್ಟಿ ಬಟ್ಟೆ. ಹಳೆಯ ಪಂಚೆ, ಸೀರೆಗಳನ್ನು ಎರಡು-ಮೂರು ಇಂಚಿನ ಪಟ್ಟಿಗಳಾಗಿ ಹರಿದು, ತೊಳೆದು, ಸುತ್ತಿಡುವುದು ಮನೆಯೊಡತಿಯ, ಕೆಲಸದವರ, ಎದ್ದು ಓಡಾಡುವಷ್ಟು ಚೇತರಿಸಿದ ರೋಗಿಗಳ ಸಂಜೆಯ ಕೆಲಸ. ರಬ್ಬರ್ ಕೈಗವಸಿನಲ್ಲಿ ತೂತು ಬಿದ್ದರೆ ಎಸೆಯುತ್ತಿರಲಿಲ್ಲ; ನೀರು ತುಂಬಿ ತೂತು ಹುಡುಕಿ, ಹಳೆ ಗವಸಿನ ಚೂರು ಅಂಟಿಸಿ, ಪೌಡರ್ ಉದುರಿಸಿ ಮತ್ತೆ ಹಬೆಗೆ.

ಶಸ್ತ್ರಕ್ರಿಯೆಯ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಿದ್ಯುತ್ ಇಲ್ಲ, ಪೆಟ್ರೋಮ್ಯಾಕ್ಸ್ ಬೆಳಕು. ಅರಿವಳಿಕೆಗೆ ಈಥರ್. ತಂತಿಯ ಪುಟ್ಟ ಚೌಕಟ್ಟಿಗೆ ಹಲವು ಪದರ ಗಾಜ್ ಬಟ್ಟೆ ಹೊದಿಸಿ ಮೂಗು-ಬಾಯಿಯ ಮೇಲಿಟ್ಟು ಹನಿಹನಿಯಾಗಿ ಬಿಡುವುದು. ಮೊದಲ ನಿಮಿಷ ಹತ್ತು-ಹನ್ನೆರಡು ಹನಿ, ರೋಗಿ ಕೆಮ್ಮದೆ ಉಸಿರೆಳೆದರೆ ನಿಧಾನವಾಗಿ ಹೆಚ್ಚು. ಆತುರಪಟ್ಟು ಸುರಿದರೆ ಉಸಿರು ಕಟ್ಟುತ್ತದೆ. ಈಥರ್ ಸುಮಾರು 35 ಡಿಗ್ರಿಗೇ ಕುದಿಯುವ ದ್ರವ, ಬೆಂಕಿ ಸೋಕಿದರೆ ಭಗ್ಗನೆ ಹತ್ತುತ್ತದೆ. ಅದರ ಆವಿ ಗಾಳಿಗಿಂತ ಭಾರ, ಕೆಳಗಿಳಿದು ನೆಲದುದ್ದಕ್ಕೂ ಹರಿಯುತ್ತದೆ. ಆದ್ದರಿಂದ ದೀಪ ಎತ್ತರದಲ್ಲಿ, ರೋಗಿಯ ತಲೆಯಿಂದ ದೂರ. ಒಲೆ ಆ ಕೋಣೆಯಲ್ಲೇ ಇರಕೂಡದು. ಕ್ಲೋರೋಫಾರ್ಮ್ ಹೀಗೆ ಹತ್ತಿಕೊಳ್ಳುವುದಿಲ್ಲ, ಆದರೆ ಅದು ಹೃದಯವನ್ನೇ ನಿಲ್ಲಿಸಬಲ್ಲದು. ಹನಿ ಬಿಡುತ್ತಾ, ಇನ್ನೊಂದು ಕೈಯಲ್ಲಿ ದವಡೆ ಎತ್ತಿ ಹಿಡಿದು, ಉಸಿರು, ನಾಡಿ, ಕಣ್ಣಿನ ಪಾಪೆ ಗಮನಿಸುತ್ತಾ ಕೂರುತ್ತಿದ್ದವರು ಎಷ್ಟೋ ಸಲ ವೈದ್ಯರ ಹೆಂಡತಿ ಅಥವಾ ಕಾಂಪೌಂಡರ್. ಮಲಗಿದ್ದವರ ಜೀವ ಅವರ ಬೆರಳ ತುದಿಯಲ್ಲಿತ್ತು.

ಔಷಧಿ ಕೊಡುವುದೂ ಸುಲಭದ ಮಾತಲ್ಲ. ಬಾಟಲಿ ರೋಗಿಯೇ ತರಬೇಕು. ಓದು ಬಾರದವರಿಗೆ ಅಳತೆ ತಿಳಿಯಲೆಂದು ಕಾಗದದ ಪಟ್ಟಿಯನ್ನು ಗರಗಸದ ಹಲ್ಲಿನಂತೆ ಕತ್ತರಿಸಿ ಬಾಟಲಿಗೆ ಉದ್ದಕ್ಕೆ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲು. ಮಲೇರಿಯಾ ಜ್ವರಕ್ಕೆ ಕ್ವಿನೈನ್ 10 ಗ್ರೇನ್, ಅಂದರೆ ಸುಮಾರು 650 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಮೂರನೇ ದಿನಕ್ಕೆ ಜ್ವರ ಬಿಡುತ್ತದೆ, ಕಿವಿ ಗುಂಯ್‌ಗುಡುತ್ತದೆ, ಬಾಯೆಲ್ಲ ಕಹಿ. ರೋಗಿ ಅಲ್ಲಿಗೇ ನಿಲ್ಲಿಸುತ್ತಾನೆ, ಕೆಲವೇ ವಾರದಲ್ಲಿ ಜ್ವರ ಮರಳುತ್ತದೆ. ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿದೆಯೆಂದು ಮೈಸೂರು ಸರ್ಕಾರವೇ ಆತಂಕಪಟ್ಟ ಕಾಲವದು. ಏಳನೇ ದಿನದವರೆಗೂ ರೋಗಿಯ ಮನೆಗೆ ಹೋಗಿ ಬಾಟಲಿಯಲ್ಲಿ ಎಷ್ಟು ಹಲ್ಲು ಉಳಿದಿದೆಯೆಂದು ನೋಡುವುದು ಅದೇ ಊರಿನಲ್ಲಿ ಇರುವವರಿಂದ ಮಾತ್ರ ಆಗುವ ಕೆಲಸ.

ಒಳರೋಗಿಗಳ ಊಟ ಆಸ್ಪತ್ರೆಯದಲ್ಲ. ಮಿಷನ್ ಆವರಣದ ಹಿಂದೆ ಸಾಲಾಗಿ ಮೂರು ಕಲ್ಲಿನ ಒಲೆಗಳು. ಮನೆಯವರೇ ಬಂದು ಬೇಯಿಸಬೇಕು. ಹಣ ಉಳಿಯುತ್ತಿತ್ತು, ನಿಜ. ಆದರೆ ಮುಖ್ಯ ಕಾರಣ ಜಾತಿ. ಅನ್ಯರು ಮುಟ್ಟಿದ ಅನ್ನ-ನೀರು ಒಲ್ಲೆನೆಂದು ರೋಗಿ ಎದ್ದು ಹೋಗಬಾರದಲ್ಲ. ಔಷಧಿಗೆ ಬೆರೆಸುವ ನೀರಿನ ಬಗ್ಗೆಯೂ ತಕರಾರು ಬರುತ್ತಿತ್ತು. ಬಾಗಿಲು ತೆರೆಯುವ ಮುನ್ನ ಬೈಬಲ್ ಓದು, ಒಂದು ಪ್ರಾರ್ಥನೆ ಇರುತ್ತಿತ್ತು. ಮಿಷನ್ನಿನ ಉದ್ದೇಶ ಮತಪ್ರಚಾರವೂ ಆಗಿತ್ತೆಂಬುದನ್ನು ಮುಚ್ಚಿಡಬೇಕಿಲ್ಲ, ಅವರೂ ಮುಚ್ಚಿಡಲಿಲ್ಲ. ವೈದ್ಯ ಇರುವುದು ಪಾದ್ರಿಗೆ ದಾರಿ ಮಾಡಿಕೊಡಲಿಕ್ಕೋ ಅಥವಾ ಚಿಕಿತ್ಸೆಯೇ ಸೇವೆಯೋ ಎಂದು ಮಿಷನ್ನುಗಳ ಒಳಗೇ ದಶಕಗಟ್ಟಲೆ ಚರ್ಚೆ ನಡೆದಿತ್ತು. ಎಷ್ಟೋ ರೋಗಿಗಳು ಪ್ರಾರ್ಥನೆ ಕೇಳಿಸಿಕೊಂಡು, ಔಷಧಿ ತೆಗೆದುಕೊಂಡು, ಮನೆದೇವರಿಗೆ ಹೊತ್ತ ಹರಕೆಯನ್ನೂ ತೀರಿಸುತ್ತಿದ್ದರು.

ಸೂಲಗಿತ್ತಿಯರ ಜೊತೆಗಿನ ಕೆಲಸ ಹೆಚ್ಚಾಗಿ ಹೆಂಗಸರದು. ಗಂಡು ವೈದ್ಯರಿಗೆ ಬಾಣಂತಿ ಕೋಣೆಗೆ ಪ್ರವೇಶವೇ ಇರುತ್ತಿರಲಿಲ್ಲ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಬಿದಿರ ಸೀಳಿನಿಂದಲೋ ಕೊಯ್ದು, ಬೂದಿ ಅಥವಾ ಸಗಣಿ ಹಚ್ಚಿದಲ್ಲಿ ಧನುರ್ವಾಯು. ಮೊದಲೆರಡು ದಿನ ಚೆನ್ನಾಗಿ ಹಾಲು ಚೀಪಿದ ಮಗು ಆಮೇಲೆ ಬಾಯಿ ತೆರೆಯಲಾರದು, ಸದ್ದಾದರೆ ಮೈ ಬಿಲ್ಲಾಗುತ್ತದೆ. ಪರಿಹಾರ ಸರಳ: ಕುದಿಸಿದ ಬ್ಲೇಡು, ಕುದಿಸಿದ ದಾರ, ಸೋಪಿನಲ್ಲಿ ತೊಳೆದ ಕೈ, ಬಳ್ಳಿಗೆ ಏನೂ ಹಚ್ಚದಿರುವುದು. ಸೂಲಗಿತ್ತಿಯನ್ನು ಹಳಿದು ದೂರ ಇಟ್ಟ ಕಡೆ ಇದು ನಡೆಯಲಿಲ್ಲ; ಅವಳ ಚೀಲಕ್ಕೇ ಬ್ಲೇಡು-ದಾರ ಹಾಕಿಕೊಟ್ಟ ಕಡೆ ನಡೆಯಿತು. ಭಾರತ ಬಾಣಂತಿಯರ, ನವಜಾತ ಶಿಶುಗಳ ಧನುರ್ವಾಯುವಿನ ನಿರ್ಮೂಲನೆಯನ್ನು ಸಾಧಿಸಿತೆಂದು ದೃಢಪಟ್ಟದ್ದು 2015ರಲ್ಲಿ.

ಈ ಎಲ್ಲ ದುಡಿಮೆಗೆ ಸಂಬಳ ಒಬ್ಬರಿಗೆ. ವರದಿಯಲ್ಲಿ ಗಂಡನ ಹೆಸರು. ಉಗ್ರಾಣದ ಬೀಗದಕೈ, ಬಟ್ಟೆ ಲೆಕ್ಕ, ಈಥರ್ ಹನಿ, ಮಕ್ಕಳ ತೂಕ, ಊರಿಗೆ ಬರೆಯುವ ಪತ್ರ ಎಲ್ಲ ಹೆಂಡತಿಯದು, ಸಂಬಳವಿಲ್ಲದೆ. ಪಾವು ರೊಟ್ಟಿ ಬೇಕಾದರೆ ಹುದುಗಿಗೆ ಶೇಂದಿ ಹುಡುಕಿ ತರಿಸಬೇಕು. ಮಕ್ಕಳು ಐದಾರು ವರ್ಷಕ್ಕೇ ಮನೆ ಬಿಡುತ್ತಿದ್ದರು. ಬಾಸೆಲ್ ಮಿಷನ್ 1853ರಲ್ಲೇ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆಯಿತು. ಅಲ್ಲಿಗೆ ಹೋದ ಮಗು ಅಪ್ಪ-ಅಮ್ಮನನ್ನು ಮತ್ತೆ ಕಾಣುವುದು ವರ್ಷಗಳಾದ ಮೇಲೆ. ಮುಂದೆ ಊಟಿ, ಕೊಡೈಕೆನಾಲ್‌ನ ವಸತಿಶಾಲೆಗಳು ಬಂದಾಗ ಆ ದೂರ ಕಡಿಮೆಯಾಯಿತು. ವೈದ್ಯ ಊರಲ್ಲಿ ನಿಂತದ್ದು ಈ ಬೆಲೆ ತೆತ್ತು. ಅದನ್ನು ತ್ಯಾಗವೆಂದು ಹೊಗಳುವಾಗ ಆ ಮಕ್ಕಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲವೆಂಬುದೂ ನೆನಪಿರಬೇಕು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಡಿಡಿಟಿ ಹಿಡಿದು ಬಂತು. ಕುಷ್ಠಕ್ಕೆ ನಮ್ಮ ಕಾಡಿನದೇ ಗರುಡಫಲದ ಎಣ್ಣೆಯನ್ನು ನೋವು ತಿಂದು ಚುಚ್ಚಿಸಿಕೊಳ್ಳುವ ಕಾಲ ಹೋಗಿ ಡ್ಯಾಪ್ಸೋನ್ ಮಾತ್ರೆ ಬಂತು. ಲಸಿಕೆಗೆ ಸೀಮೆಎಣ್ಣೆ ಫ್ರಿಜ್ ಬಂತು. ಅದರ ಬತ್ತಿಯ ಉರಿ ನೀಲಿಯಾಗಿರಬೇಕು, ಹಳದಿಯಾದರೆ ಕೊಳವೆಗೆ ಮಸಿ ಕಟ್ಟಿ ತಂಪು ನಿಲ್ಲುತ್ತದೆ. ಪೆಟ್ಟಿಗೆ ಒಂದಿಷ್ಟು ವಾಲಿದರೂ ಕೆಲಸ ಮಾಡದು. 2ರಿಂದ 8 ಡಿಗ್ರಿ ಕಾಯಲು ದಿನಾ ಯಾರಾದರೂ ಬತ್ತಿ ನೋಡಲೇಬೇಕು. ಅಷ್ಟರಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆಗೆ ಇಂದಿಗೂ ನೇರ ಔಷಧಿಯಿಲ್ಲ, ಆರೈಕೆಯೇ ಚಿಕಿತ್ಸೆ. ಕೆಲವರಲ್ಲಿ ಜ್ವರ ಬಿಟ್ಟು, ಒಂದೆರಡು ವಾರ ಸುಮ್ಮನಿದ್ದು, ತಲೆನೋವು, ಕತ್ತು ಬಿಗಿತದೊಂದಿಗೆ ಮರುಕಳಿಸುತ್ತದೆ. ವಾಸಿಯಾಯಿತೆಂದು ಗದ್ದೆಗೆ ಹೋದವರನ್ನು ಆಗ ಗುರುತಿಸುವವರು ಊರಿನಲ್ಲೇ ಇರಬೇಕು.

ಸ್ವಾತಂತ್ರ್ಯದ ನಂತರ ವಿದೇಶಿ ಕುಟುಂಬಗಳು ಕಡಿಮೆಯಾದವು. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡು ಹಲವು ಮಿಷನ್ ಆಸ್ಪತ್ರೆಗಳು ಅದರ ಕೈಗೆ ಬಂದವು. ವೀಸಾ ಬಿಗಿಯಾಯಿತು, ಹೊರಗಿನ ಹಣ ಇಳಿಯಿತು. ಕ್ಯಾಥೊಲಿಕ್ ಸನ್ಯಾಸಿನಿಯರಿಗೆ ಶಸ್ತ್ರಕ್ರಿಯೆ, ಹೆರಿಗೆಗಳ ಪೂರ್ಣ ವೈದ್ಯವೃತ್ತಿಗೆ ವ್ಯಾಟಿಕನ್ ಒಪ್ಪಿದ್ದೇ 1936ರಲ್ಲಿ; ಆಮೇಲಿನ ದಶಕಗಳಲ್ಲಿ ಅವರ ಆಸ್ಪತ್ರೆಗಳು ಬಂದವು. ಮಿಷನ್ ಆಸ್ಪತ್ರೆಗಳಲ್ಲಿ ಕೆಲಕಾಲ ದುಡಿಯುವ ಕರಾರಿನ ಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಭಾರತೀಯ ವೈದ್ಯರು ಬಂದರು. 1952ರಿಂದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವು; ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಎಂಬ ಮಾನದಂಡವೂ ಮುಂದೆ ಬಂತು. ಕರ್ನಾಟಕಕ್ಕೆ 2008ರಲ್ಲಿ 108 ಆಂಬುಲೆನ್ಸ್, 2012ರಲ್ಲಿ ವೈದ್ಯ ಪದವೀಧರರಿಗೆ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ.

ಎತ್ತಿನ ಗಾಡಿಯ ಎರಡು ದಿನ ಈಗ ಎರಡು ಗಂಟೆಯಾಗಿದೆ, ಮರ ಬೀಳದಿದ್ದರೆ, ಫೋನಿಗೆ ಸಿಗ್ನಲ್ ಸಿಕ್ಕರೆ. ಹೆಂಡತಿಯ ಲೆಕ್ಕವಿಲ್ಲದ ದುಡಿಮೆ, ದೂರ ಕಳಿಸಿದ ಮಕ್ಕಳು ಇವನ್ನು ಇಂದಿನ ವೈದ್ಯರಿಂದ ಕೇಳುವುದು ಅನ್ಯಾಯ. ಹಾಗಾದರೆ ಆ ಜಾಗಕ್ಕೆ ಸಂಬಳದ ಜನ ಬೇಕು: ರಾತ್ರಿ ಪಾಳಿಗೆ ಎರಡನೇ ವೈದ್ಯರು, ಶಸ್ತ್ರ ಕುದಿಸುವ, ಬಟ್ಟೆ ಒಣಗಿಸುವ, ಫ್ರಿಜ್ ನೋಡುವ ಕೈಗಳು, ಮಳೆಗಾಲಕ್ಕೆ ಸೋರದ ಮನೆ, ಬಸ್ಸಿಗೆ ಎಟುಕುವ ಶಾಲೆ. ಸರ್ಕಾರಿ ವರ್ಗಾವಣೆಯಲ್ಲಿ 'ಪತಿ-ಪತ್ನಿ ಪ್ರಕರಣ' ಎಂಬ ರಿಯಾಯಿತಿ ಇದೆ. ಗಂಡ-ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಅದು ಉಪಯೋಗಕ್ಕೆ ಬರುತ್ತದೆ; ಒಬ್ಬರ ಕೆಲಸ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿದ್ದರೆ ಹೊಸನಗರದ ವಸತಿಗೃಹದ ಬೀಗ ತೆಗೆಯಲು ಅದರಿಂದ ಆಗುವುದಿಲ್ಲ.