ಒಂದು ಪೆನ್‌ಡ್ರೈವ್, ಹತ್ತು ಮನೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಅಡಿಕೆ ಲೆಕ್ಕ, ಮಕ್ಕಳ ಪ್ರಾಜೆಕ್ಟು, ಸಂಘದ ನೋಟಿಸು ಅಂತ ಹತ್ತು ಹನ್ನೆರಡು ವರ್ಷ ದುಡಿದ ಕಂಪ್ಯೂಟರು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಯಂತ್ರ ಕೆಟ್ಟಿಲ್ಲ, ತಂತ್ರಾಂಶ ಮಾಡಿದವರು ಕೈಬಿಟ್ಟಿದ್ದಾರೆ, ಅಷ್ಟೆ. ಬೇರೆ ಯಾರಾದರೂ ರಿಪೇರಿ ಮಾಡಿ ಮುಂದುವರಿಸೋಣವೆಂದರೆ ಅನುಮತಿಯೂ ಇಲ್ಲ, ಅದರ ಮೂಲವೂ ಸಿಗುವುದಿಲ್ಲ.

ಈ ಮೂಲ ಅಂದರೇನು? ಭರಣಿಯಲ್ಲಿರುವ ಅಪ್ಪೆಮಿಡಿಯನ್ನು ಎಷ್ಟು ಬೇಕಾದರೂ ತಿನ್ನಬಹುದು, ಅದರಿಂದ ಗಿಡ ಮಾಡಲಾಗುವುದಿಲ್ಲ. ಗಿಡ ಬೇಕಾದರೆ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಕಂಪ್ಯೂಟರಿನಲ್ಲಿ ಓಡುವ ಸಿದ್ಧ ಪ್ರೋಗ್ರಾಂ ಭರಣಿಯ ಮಿಡಿ; ಪ್ರೋಗ್ರಾಮರು ಕೂತು ಬರೆದ ಸೋರ್ಸ್ ಕೋಡ್ ಕಸಿಯ ಕಡ್ಡಿ. ಕಡ್ಡಿಯನ್ನೂ ಕೊಟ್ಟು, ಕಸಿ ಕಟ್ಟಲು ಹಕ್ಕನ್ನೂ ಕೊಟ್ಟರೆ ಅದು ಸ್ವತಂತ್ರ ತಂತ್ರಾಂಶ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಾಗ ಶುರುವಾದ ಚಳವಳಿ ಇದು. ಬಳಸುವವರಿಗೆ ನಾಲ್ಕು ಸ್ವಾತಂತ್ರ್ಯ ಇರಬೇಕೆನ್ನುತ್ತದೆ: ಯಾವ ಕೆಲಸಕ್ಕಾದರೂ ಓಡಿಸುವುದು, ಒಳಗನ್ನು ಓದಿ ತಿದ್ದುವುದು, ಪ್ರತಿ ಮಾಡಿ ಹಂಚುವುದು, ತಿದ್ದಿದ್ದನ್ನೂ ಹಂಚುವುದು. (ಎಣಿಕೆ ಸೊನ್ನೆಯಿಂದ ಮೂರರವರೆಗೆ, ಪ್ರೋಗ್ರಾಮರುಗಳ ಚಾಳಿ.) ಇಂಗ್ಲಿಷಿನಲ್ಲಿ ‘ಫ್ರೀ’ ಅಂದರೆ ಪುಕ್ಕಟೆಯೂ ಹೌದು, ಸ್ವತಂತ್ರವೂ ಹೌದು. ನಮಗೆ ಎರಡಕ್ಕೂ ಬೇರೆ ಬೇರೆ ಮಾತಿದೆ. ಆದರೂ ‘ಉಚಿತ ತಂತ್ರಾಂಶ’ ಎಂದು ಕರೆದು ಗೊಂದಲವನ್ನು ಎರವಲು ತಂದುಕೊಂಡಿದ್ದೇವೆ. ವಾಟ್ಸ್‌ಆ್ಯಪ್ ಪುಕ್ಕಟೆ, ಸ್ವತಂತ್ರವಲ್ಲ.

ಜಿಪಿಎಲ್ ಎಂಬ ಪರವಾನಗಿಯದು ಇನ್ನೊಂದು ಕಟ್ಟು: ತಿದ್ದಿದ ಪ್ರೋಗ್ರಾಂ ಹಂಚುವವರು ತಮ್ಮ ಮೂಲವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಕಡ್ಡಿ ಒಯ್ದವನು ನಾಳೆ ಕೇಳಿದವರಿಗೆ ಇಲ್ಲವೆನ್ನುವ ಹಾಗಿಲ್ಲ. ಕಸಿಯ ಬಲ 2010ರಲ್ಲಿ ಕಾಣಿಸಿತು. ಪತ್ರ, ಲೆಕ್ಕ ಬರೆಯುವ ಓಪನ್ ಆಫೀಸ್ ಎಂಬ ಸ್ವತಂತ್ರ ತಂತ್ರಾಂಶ ಬೆಳೆಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಮುಂದೇನೋ ಎಂಬ ಅನುಮಾನ ಬಂದ ಕೆಲಸಗಾರರು ಅದೇ ಮೂಲವನ್ನು ಎತ್ತಿಕೊಂಡು ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. ಇವತ್ತು ಜನ ಹೆಚ್ಚು ಬಳಸುವುದು ಆ ಕಸಿಯನ್ನೇ.

ವಿಂಡೋಸಿನ ಬದಲು ಹಾಕಬಹುದಾದ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಲಿನಕ್ಸ್ ಮಿಂಟ್ ಒಂದು. ಹಳೆಯ ಕಂಪ್ಯೂಟರಿಗೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಸಾಕು ಎನ್ನುತ್ತಾರೆ. ಬ್ರೌಸರ್ ತೆರೆದಿಟ್ಟು ಕೆಲಸ ಮಾಡಲು 4 ಜಿಬಿ ಬೇಕೇ ಬೇಕು. ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಇನ್ನಾವ ಉಪಾಯಕ್ಕಿಂತ ಹೆಚ್ಚು ಚುರುಕಾಗುತ್ತದೆ.

ಅದನ್ನು ಹಾಕಲು ಇಳಿಸಬೇಕಾದ, ಇಡೀ ಮಿಂಟ್ ಅಡಕವಾದ ಐಎಸ್‌ಒ ಕಡತ ಸುಮಾರು 3 ಜಿಬಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರಲ್ಲಿ ಇದು ಸಣ್ಣ ಮಾತಲ್ಲ. ಆದರೆ ಪೇಟೆಗೆ ಹೋದ ಒಬ್ಬರು ಇಳಿಸಿ ತಂದರೆ ಸಾಕು. ಅದೇ ಪೆನ್‌ಡ್ರೈವ್ ಹತ್ತು ಮನೆ ಸುತ್ತಿದರೂ ಕಳ್ಳಪ್ರತಿಯಲ್ಲ, ಪರವಾನಗಿಯೇ ಹಂಚಿ ಎನ್ನುತ್ತದೆ. ನಡುವೆ ನೆಟ್ ಕೈಕೊಟ್ಟು ಕಡತ ಹಾಳಾಗಿದ್ದರೆ ಅನುಸ್ಥಾಪನೆ ಅರ್ಧದಲ್ಲಿ ವಿಚಿತ್ರ ದೋಷ ತೋರಿಸಿ ನಿಲ್ಲುತ್ತದೆ. ಅದಕ್ಕೇ ಕಡತದ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಲೆಕ್ಕ ಹಾಕಿ ನೋಡುವುದು: 64 ಅಕ್ಷರಗಳ ಆ ಸರಣಿ ಮಿಂಟ್‌ನವರು ಪ್ರಕಟಿಸಿದ್ದಕ್ಕೆ ತಾಳೆಯಾಗಬೇಕು, ಒಂದಕ್ಷರ ತಪ್ಪಿದರೂ ಮತ್ತೆ ಇಳಿಸಬೇಕು.

ಈ ಕಡತವನ್ನು ಹಾಡು, ಫೋಟೊ ಹಾಕಿದ ಹಾಗೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಕಂಪ್ಯೂಟರು ಅದರಿಂದ ಏಳುವುದಿಲ್ಲ. ರೂಫಸ್‌ನಂಥ ಪ್ರೋಗ್ರಾಮಿನಿಂದ (ಅದೂ ಸ್ವತಂತ್ರವೇ) 8 ಜಿಬಿಯ ಪೆನ್‌ಡ್ರೈವಿಗೆ ಬರೆಯಬೇಕು. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಕಂಪ್ಯೂಟರು ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವಿನಿಂದಲೇ ಮಿಂಟ್ ಓಡುತ್ತದೆ. ವೈಫೈ, ಸದ್ದು, ಪ್ರಿಂಟರು ಎಲ್ಲ ನೋಡಿಕೊಳ್ಳಿ. ಕೆಲವು ವೈಫೈ ಚಿಪ್‌ಗಳಿಗೆ ಬೇರೆ ಡ್ರೈವರ್ (ಆ ಚಿಪ್ ನಡೆಸುವ ತಂತ್ರಾಂಶ) ಬೇಕು. ಆಗ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ನೆಟ್ ಬರುತ್ತದೆ, ಡ್ರೈವರ್ ಮ್ಯಾನೇಜರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಲೆಕ್ಕಪತ್ರಕ್ಕೆ ವಿಂಡೋಸಿಗಾಗಿ ಮಾಡಿದ ಟ್ಯಾಲಿಯೇ ಬೇಕು ಎನ್ನುವವರು ವಿಂಡೋಸ್ ಉಳಿಸಿಕೊಳ್ಳುವುದು ಒಳ್ಳೆಯದು.

ಡಿಸ್ಕ್ ಅಳಿಸುವ ಆಯ್ಕೆ ಒತ್ತಿದ ಮೇಲೆ ಹಳೆಯದು ವಾಪಸ್ ಬರುವುದಿಲ್ಲ, ಆದ್ದರಿಂದ ಮೊದಲು ಬ್ಯಾಕಪ್. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಈ ಕೆಲಸ ಬೇಡ. ಡಿಸ್ಕಿಗೆ ಬರೆಯುವ ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಸ್ಥಿತಿ.

ಕನ್ನಡ ಟೈಪಿಂಗಿಗೆ ಐಬಸ್ ಎಂಬ ಕೀಲಿಮಣೆ ತಂತ್ರಾಂಶ ಮತ್ತು ಅದರ ಎಂ17ಎನ್ ಜೋಡಣೆ ಹಾಕಿಕೊಂಡು ಲಾಗ್‌ಔಟ್ ಮಾಡಿ ಬನ್ನಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಪಟ್ಟಿಯಲ್ಲಿರುವ ಕೆಜಿಪಿ ಎಂಬ ಕೀಲಿ ವಿನ್ಯಾಸ ಸಲೀಸು. ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟುಗಳೂ ಸಿಗುತ್ತವೆ.

ನಿಜವಾದ ತಲೆನೋವು ಹಳೆಯ ಕಡತಗಳದು. ಹತ್ತು ವರ್ಷದ ಹಿಂದಿನ ಸಂಘದ ನಡಾವಳಿ ತೆರೆದರೆ ಕನ್ನಡದ ಬದಲು ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಸ್ವಂತ ಸಂಖ್ಯೆ ಇದೆ. ನುಡಿಯ ಹಳೆಯ ಫಾಂಟಿನಲ್ಲಿ ಹಾಗಲ್ಲ. ತಲೆಕಟ್ಟಿಲ್ಲದ ‘ಕ’ ಇಂಗ್ಲಿಷಿನ ದೊಡ್ಡ ‘ಪಿ’ ಮನೆಯಲ್ಲಿ ಬಾಡಿಗೆಗೆ ಕೂತಿದೆ, ತಲೆಕಟ್ಟಿಗೆ ಇನ್ನೊಂದು ಮನೆ. ಆ ಫಾಂಟು ಇಲ್ಲದ ಕಂಪ್ಯೂಟರು ಮನೆ ಮಾಲೀಕನನ್ನಷ್ಟೇ ತೋರಿಸುತ್ತದೆ. ಇದು ಲಿನಕ್ಸಿನ ದೋಷವಲ್ಲ, ಆ ಫಾಂಟು ಇಲ್ಲದ ವಿಂಡೋಸಿನಲ್ಲೂ ಇದೇ ಗತಿ. ಇಂಥ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ‘ಪಿ’ ಕಂಡಲ್ಲೆಲ್ಲ ಅವು ‘ಕ’ ಎಂದೇ ತಿಳಿಯುವುದರಿಂದ, ನಡುವೆ ಇಂಗ್ಲಿಷಿನಲ್ಲಿದ್ದ ಪ್ಯಾನ್ ನಂಬರು, ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಹಾಗೇ ಇಟ್ಟುಕೊಂಡು, ಸಾಲು ಸಾಲು ತಾಳೆ ನೋಡಿ.