ಮೊದಲು ಬಂದದ್ದು ಉಳಿ, ಓಪನರ್ ಅಲ್ಲ

ಅಡುಗೆಮನೆಯಲ್ಲಿ ಓಪನರ್ ಸಿಗಲಿಲ್ಲವೆಂದು ಉಳಿ-ಸುತ್ತಿಗೆ ತರಲು ಹೊರಟವರನ್ನು ನೋಡಿ ನಗಬೇಡಿ. ತಗಡಿನ ಡಬ್ಬಿಗೆ ಬ್ರಿಟನ್ನಿನ ಪೀಟರ್ ಡುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಅದನ್ನು ತೆರೆಯುವ ಆಯುಧಕ್ಕೆ ಅಮೆರಿಕದ ಎಜ್ರಾ ವಾರ್ನರ್ ಪೇಟೆಂಟ್ ಪಡೆಯುವ ಹೊತ್ತಿಗೆ 1858 ಆಗಿತ್ತು. ಬೀಗ ಬಂದು ನಾಲ್ಕು ದಶಕ ಕಳೆದ ಮೇಲೆ ಬೀಗದ ಕೈ ಬಂತು! 1824ರಲ್ಲಿ ವಿಲಿಯಂ ಪ್ಯಾರಿಯ ಧ್ರುವಯಾನಕ್ಕೆ ಒಯ್ದ ಮಾಂಸದ ಡಬ್ಬಿಯ ಮೇಲಿದ್ದ ಸೂಚನೆ ಇಷ್ಟೇ: ಮೇಲ್ಭಾಗವನ್ನು ಹೊರ ಅಂಚಿನ ಹತ್ತಿರ ಉಳಿ, ಸುತ್ತಿಗೆಯಿಂದ ಸುತ್ತಲೂ ಕತ್ತರಿಸಿ.

ಇದರಲ್ಲಿ ಉಳಿಗಿಂತ ಮುಖ್ಯವಾದದ್ದು ‘ಹೊರ ಅಂಚಿನ ಹತ್ತಿರ’ ಎಂಬ ಮಾತು. ಇಂದಿನ ಡಬ್ಬಿಯ ಮುಚ್ಚಳ ಸುಮಾರು 0.2 ಮಿ.ಮೀ. ದಪ್ಪ. ಅದರ ನಡುವೆ ಹೊಡೆದರೆ ತಗಡು ತಮಟೆಯ ಚರ್ಮದ ಹಾಗೆ ಒಳಕ್ಕೆ ಬಾಗಿ ಪೆಟ್ಟನ್ನೆಲ್ಲ ನುಂಗಿಬಿಡುತ್ತದೆ. ಕೊನೆಗೆ ಹರಿದಾಗ ರಸ ಮುಖಕ್ಕೆ ಚಿಮ್ಮುತ್ತದೆ. ಅಂಚಿನಲ್ಲಿ ಕೆಳಗಿನಿಂದ ಗೋಡೆಯ ಆಸರೆ ಇರುವುದರಿಂದ ತಗಡಿಗೆ ಬಾಗಲು ಜಾಗವಿಲ್ಲ, ಕತ್ತರಿಸಿಕೊಳ್ಳಲೇಬೇಕು. 10ರಿಂದ 12 ಮಿ.ಮೀ. ಅಗಲದ, ಕಬ್ಬಿಣ ಕಡಿಯುವ ಉಳಿ ಸಾಕು. ಮರಗೆಲಸದ ಉಳಿ ತಂದರೆ ಬಾಯಿ ಮುಕ್ಕಾಗುತ್ತದೆ. ಅಂಚಿನಿಂದ 3-4 ಮಿ.ಮೀ. ಒಳಗೆ ಉಳಿಯನ್ನು ನೆಟ್ಟಗೆ ನಿಲ್ಲಿಸಿ, 200-300 ಗ್ರಾಂ ಸುತ್ತಿಗೆಯಿಂದ ಹಗುರವಾಗಿ ಬಡಿಯಿರಿ. ಮೊದಲ ಪೆಟ್ಟಿಗೆ ಮಾತ್ರ ಮೇಲೊಂದು ಬಟ್ಟೆ ಇರಲಿ. ಪ್ರತಿ ಗಾಯವೂ ಹಿಂದಿನದರ ಮೇಲೆ ಸ್ವಲ್ಪ ಹಾಯಬೇಕು, ಇಲ್ಲವಾದರೆ ನಡುವೆ ಉಳಿಯುವ ತಗಡಿನ ಸೇತುವೆಗಳು ಮುಚ್ಚಳವನ್ನು ಬಿಡುವುದಿಲ್ಲ. ಮುಕ್ಕಾಲು ಸುತ್ತು ಮುಗಿದ ಮೇಲೆ ಇಕ್ಕಳದಿಂದ ಹಿಡಿದು ಮಡಚಿ. ಕೈ ಹಾಕಬೇಡಿ, ಆ ಅಂಚು ಬ್ಲೇಡಿಗೆ ಕಡಿಮೆಯಿಲ್ಲ.

ಸುತ್ತಿಗೆಯ ಸದ್ದು ಬೇಡವೆನ್ನುವವರಿಗೆ ಅರ ಇದೆ. ಮುಚ್ಚಳದ ಅಂಚೂ ಡಬ್ಬಿಯ ಅಂಚೂ ಒಂದನ್ನೊಂದು ಕೊಕ್ಕೆ ಹಾಕಿಕೊಂಡು ಸುರುಳಿಯಾಗಿ ಮಡಚಿಕೊಂಡಿರುತ್ತವೆ. ಆ ಮಡಿಕೆಯ ನೆತ್ತಿಯನ್ನು ಸುತ್ತಲೂ ಅರದಿಂದ ಉಜ್ಜಿ ಸವೆಸಿದರೆ ಕೊಕ್ಕೆಯೇ ಕಡಿದುಹೋಗುತ್ತದೆ. ರಸ ಒಸರಿತೆಂದರೆ ಕೆಲಸ ಮುಗಿಯಿತು. ಉಜ್ಜಿದ ಪುಡಿಯನ್ನು ಒರೆಸಿಯೇ ಮುಚ್ಚಳ ಎತ್ತಿ.

ಸೋಡಾ ಬಾಟಲಿಯ ಮುಚ್ಚಳದ ಕಥೆ ಬೇರೆ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದಾಗ ಅದಕ್ಕೆ 24 ಹಲ್ಲು, ಈಗ 21. ಎಲ್ಲ ಹಲ್ಲುಗಳೂ ಒಟ್ಟಿಗೆ ಕಚ್ಚಿರುವಾಗ ನೇರವಾಗಿ ಮೇಲಕ್ಕೆಳೆಯುವುದು ಹುಚ್ಚುತನ. ಒಂದು ಕಡೆಯ ನಾಲ್ಕೈದು ಹಲ್ಲು ಬಿಟ್ಟರೆ ಉಳಿದವು ತಾವಾಗಿ ಸೋಲುತ್ತವೆ. ಬಾಳೆಹಣ್ಣನ್ನು ತುದಿಯಿಂದ ಸುಲಿಯುತ್ತೇವಲ್ಲ, ಹಾಗೆ. ನೆಲಕ್ಕಂಟಿದ ಚಾಪೆಯನ್ನು ಮೂಲೆ ಹಿಡಿದು ಎತ್ತಿದ ಹಾಗೆ. ಬಾಟಲಿಯ ಕತ್ತನ್ನು ಮುಚ್ಚಳಕ್ಕೆ ತಾಗುವಂತೆ ಹಿಡಿದು, ಸ್ಕ್ರೂಡ್ರೈವರ್ ತುದಿಯನ್ನು ಹಲ್ಲಿನ ಕೆಳಗಿಟ್ಟು, ತೋರುಬೆರಳಿನ ಮೇಲೆ ಆನಿಸಿ ಹಿಡಿಯನ್ನು ಕೆಳಕ್ಕೊತ್ತಿ. ಬೆರಳಿನಿಂದ ತುದಿಗೆ 15 ಮಿ.ಮೀ., ಹಿಡಿಗೆ 150 ಮಿ.ಮೀ. ಇದ್ದರೆ ಬಲ ಹತ್ತು ಪಟ್ಟು: ನೀವು 3 ಕಿಲೋ ಭಾರ ಹಾಕಿದರೆ ತುದಿಯಲ್ಲಿ 30. ಬಡಪಾಯಿ ಬೆರಳಿನ ಮೇಲೆ ಎರಡೂ ಸೇರಿ 33! ದಪ್ಪ ಬಟ್ಟೆ ಮಡಚಿಡಿ. ಬೆರಳು ಉಳಿಸಲು ಗಾಜಿನ ಮೇಲೇ ಆನಿಸಿದರೆ ಬಾಟಲಿಯ ಬಾಯಿ ಚಕ್ಕೆ ಏಳುತ್ತದೆ, ಆಮೇಲೆ ಒಳಗಿನದನ್ನು ಚೆಲ್ಲುವುದೊಂದೇ ದಾರಿ. ಇಕ್ಕಳವಿದ್ದರೆ ಇನ್ನೂ ಸುಲಭ, ಹಲ್ಲುಗಳನ್ನು ಒಂದೊಂದಾಗಿ ಹೊರಕ್ಕೆ ಬಗ್ಗಿಸುತ್ತ ಹೋಗಿ.

ಕಾರ್ಕಿಗೆ 50 ಮಿ.ಮೀ. ಉದ್ದದ ಮರದ ಸ್ಕ್ರೂ ತಿರುಗಿಸಿ, 10 ಮಿ.ಮೀ. ಹೊರಗೆ ಬಿಟ್ಟು ಇಕ್ಕಳದಿಂದ ಎಳೆಯಿರಿ. ಸುರುಳಿಗೆರೆಗಳು ಒತ್ತೊತ್ತಾಗಿರುವ ಬೋಲ್ಟ್ ಕಾರ್ಕನ್ನು ಪುಡಿ ಮಾಡುತ್ತದೆ.

ತಪ್ಪು ನಂಬಿಕೆ ಹೆಚ್ಚಿರುವುದು ಗಾಜಿನ ಜಾಡಿಯ ಬಗ್ಗೆ. ಬಿಸಿನೀರಿಗೆ ಲೋಹ ಹಿಗ್ಗಿ ಮುಚ್ಚಳ ಸಡಿಲವಾಗುತ್ತದಂತೆ! ಲೆಕ್ಕ ಹಾಕೋಣ. 63 ಮಿ.ಮೀ. ಉಕ್ಕಿನ ಮುಚ್ಚಳ 50 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.04 ಮಿ.ಮೀ., ಕೂದಲೆಳೆಗಿಂತಲೂ ಕಡಿಮೆ. ಜಾಡಿಯನ್ನೇ ಮುಳುಗಿಸಿದರೆ ಗಾಜೂ ಅದರ ಮುಕ್ಕಾಲು ಪಾಲು ಹಿಗ್ಗಿ ಆ ಲಾಭವನ್ನೂ ಕಸಿಯುತ್ತದೆ. ಬಿಸಿನೀರು ಉಪಕಾರ ಮಾಡುವುದು ಬೇರೆ ದಾರಿಯಲ್ಲಿ: ಒಳಗಿನ ಮೆತ್ತನೆಯ ಪಟ್ಟಿ ಸಡಿಲವಾಗುತ್ತದೆ, ಒಳಗಾಳಿಯ ಒತ್ತಡ ತುಸು ಏರುತ್ತದೆ.

ನಿಜವಾದ ಬೀಗ ಹೊರಗಿನ ಗಾಳಿ. ಆ ಮುಚ್ಚಳದ ವಿಸ್ತೀರ್ಣ 31 ಚದರ ಸೆಂ.ಮೀ.; ಒಳಗಿನ ಒತ್ತಡ ಹೊರಗಿನದರ ಅರ್ಧವಿದ್ದರೂ ಮೇಲೆ 16 ಕಿಲೋ ಭಾರ ಕೂತಂತೆ. ಯಾರೋ ಮೇಲೆ ಕೂತಿರುವ ಮಣೆಯನ್ನು ಎಳೆದ ಹಾಗೆ, ತಿರುಚಿದಷ್ಟೂ ಘರ್ಷಣೆಯೊಡನೆ ಜಗಳ. ಪೈಪ್ ವ್ರೆಂಚ್ ಹಾಕಿದರೆ ಮುಚ್ಚಳ ಮೊಟ್ಟೆಯಾಕಾರಕ್ಕೆ ತಿರುಗಿ ಗಾಜನ್ನು ಇನ್ನಷ್ಟು ಕಚ್ಚುತ್ತದೆ; ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಮುಚ್ಚಳದ ಕೆಳ ಅಂಚಿಗೂ ಗಾಜಿಗೂ ನಡುವೆ ತೂರಿಸಿ, ಮೆಲ್ಲನೆ ಹೊರಳಿಸಿ. ‘ಟಕ್’ ಎಂದು ಗಾಳಿ ಒಳನುಗ್ಗಿದರೆ ಎರಡು ಬೆರಳಲ್ಲಿ ತಿರುಗುತ್ತದೆ.

ಯಾವ ಆಯುಧವಾದರೂ ಮೊದಲು ಸೋಪಿನಲ್ಲಿ ತೊಳೆಯಿರಿ. ಬೆಸುಗೆಯ ಸೀಸ, ಗ್ರೀಸು ಊಟಕ್ಕೆ ಸೇರುವಂಥವಲ್ಲ. ಒಳಕ್ಕೆ ಎಳೆದುಕೊಂಡಿರಬೇಕಾದ ಮುಚ್ಚಳ ತೆರೆಯುವ ಮೊದಲೇ ಹೊರಕ್ಕೆ ಉಬ್ಬಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಅನಿಲ ತುಂಬಿರಬಹುದು. ಅಂಥದ್ದಕ್ಕೆ ಉಳಿಯೂ ಬೇಡ, ಓಪನರೂ ಬೇಡ; ಮುಚ್ಚಿದ ಹಾಗೆಯೇ ಎಸೆಯಿರಿ.