ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಗಂಟು ಕಟ್ಟುವ ಇನ್ಸುಲಿನ್

ಇನ್ಸುಲಿನ್ ಎಂದರೆ ಹಂದಿಯದೋ ದನದ್ದೋ ಎಂದು ಮುಖ ಸಿಂಡರಿಸುವವರು ಈಗಲೂ ಸಿಗುತ್ತಾರೆ. ಒಂದು ಕಾಲಕ್ಕೆ ಅದು ನಿಜವೇ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ ಮೇಲೆ ಸುಮಾರು ಆರು ದಶಕ ಕಸಾಯಿಖಾನೆಯಿಂದ ಬಂದ ಮೇದೋಜೀರಕ ಗ್ರಂಥಿಗಳೇ ಅದರ ಮೂಲ. ಇನ್ಸುಲಿನ್ ಎಂಬ ಪ್ರೋಟೀನಿನ ಸರದಲ್ಲಿ ಮಣಿಗಳಂತಿರುವ 51 ಅಮೈನೋ ಆಮ್ಲಗಳಲ್ಲಿ ಹಂದಿಯದಕ್ಕೂ ನಮ್ಮದಕ್ಕೂ ಒಂದೇ ಒಂದು ವ್ಯತ್ಯಾಸ, ದನದ್ದಕ್ಕೆ ಮೂರು. ಹಾಗಾಗಿ ಕೆಲಸ ನಡೆಯುತ್ತಿತ್ತು. 1982ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇ. ಕೋಲೈ ಬ್ಯಾಕ್ಟೀರಿಯಾ ತಯಾರಿಸಿದ ಮಾನವ ಇನ್ಸುಲಿನ್‌ಗೆ ಒಪ್ಪಿಗೆ ಕೊಟ್ಟರು. ಅಲ್ಲಿಂದಾಚೆ ಹಂದಿ, ದನ ಎರಡೂ ಹಿಂದೆ ಸರಿದವು.

ಈ ತಪ್ಪು ತಿಳಿವಳಿಕೆಗಿಂತ ಹೆಚ್ಚು ಕಿರಿಕಿರಿಯಾಗುವುದು ಅದನ್ನು ತಿದ್ದಲು ಹೊರಡುವ ಒಂದು ಸಾಲಿನಿಂದ: ‘ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು, ಇನ್ಸುಲಿನ್ ಬಂತು.’ ಜೀನ್ ಸೇರಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸಲೀಸು. ಬಂದದ್ದು ಬರೀ ಅಮೈನೋ ಆಮ್ಲಗಳ ಸರ. ಆ ಸರ ತನ್ನ ಆಕಾರಕ್ಕೆ ಮಡಚಿಕೊಳ್ಳುವ ತನಕ ಅದಕ್ಕೆ ಔಷಧದ ಗುಣವಿಲ್ಲ. ಮಡಚಿಸುವುದರಲ್ಲೇ ಜೀವ ಹೋಗುತ್ತದೆ.

ಮೊದಲ ಪೆಟ್ಟು ಬೇರೆ ಕಡೆಯಿಂದ ಬಿದ್ದಿತ್ತು. 1977ರಲ್ಲಿ ವಿಜ್ಞಾನಿಗಳಾದ ಇಟಾಕುರಾ, ರಿಗ್ಸ್, ಬಾಯರ್ ಮತ್ತು ಸಂಗಡಿಗರು ಕೇವಲ 14 ಅಮೈನೋ ಆಮ್ಲಗಳ ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನಿನ ಜೀನನ್ನು ರಾಸಾಯನಿಕವಾಗಿ ಕಟ್ಟಿ ಇ. ಕೋಲೈಗೆ ಸೇರಿಸಿದಾಗ ಏನೂ ಸಿಗಲಿಲ್ಲ. ಅಷ್ಟು ಚಿಕ್ಕ ಪರಕೀಯ ತುಂಡನ್ನು ಬ್ಯಾಕ್ಟೀರಿಯಾದ ಕಿಣ್ವಗಳು ಹುಟ್ಟಿದ ಕೂಡಲೇ ಕಡಿದು ಹಾಕುತ್ತಿದ್ದವು. ಅದನ್ನು ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ದೊಡ್ಡ ಪ್ರೋಟೀನಿನ ಬಾಲಕ್ಕೆ ಜೋಡಿಸಿ, ಸಂದಿಯಲ್ಲಿ ಮೆಥಿಯೋನಿನ್ ಎಂಬ ಒಂದು ಅಮೈನೋ ಆಮ್ಲ ಇಟ್ಟರು. ಸಯನೋಜೆನ್ ಬ್ರೋಮೈಡ್ ಎಂಬ ರಾಸಾಯನಿಕ ಮೆಥಿಯೋನಿನ್ ಇರುವಲ್ಲಿ ಮಾತ್ರ ಕತ್ತರಿಸುತ್ತದೆ. ಸೊಮ್ಯಾಟೊಸ್ಟ್ಯಾಟಿನ್ ಒಳಗೆ ಮೆಥಿಯೋನಿನ್ ಇಲ್ಲ. ಇನ್ಸುಲಿನ್‌ನಲ್ಲೂ ಇಲ್ಲ ಎಂಬುದು ಅದೃಷ್ಟವೇ ಸರಿ. 1978ರಲ್ಲಿ ಇದೇ ಉಪಾಯದಿಂದ ಇನ್ಸುಲಿನ್‌ನ ಎರಡು ಸರಗಳನ್ನು, 21 ಅಮೈನೋ ಆಮ್ಲಗಳ ಎ ಸರವನ್ನೂ 30ರ ಬಿ ಸರವನ್ನೂ ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿ, ಆಮೇಲೆ ಸೇರಿಸಿದರು.

ಈಗಿನ ಪ್ರಯೋಗಾಲಯದ ಕ್ರಮ ಹೀಗಿರುತ್ತದೆ. ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ, ಜೀನನ್ನು ಚಾಲೂ ಮಾಡುವ ಟಿ7 ಪ್ರಮೋಟರ್ ಎಂಬ ತುಂಡಿನ ನಂತರ ಕೂರಿಸಿ, ಇ. ಕೋಲೈನ ಬಿಎಲ್21(ಡಿಇ3) ತಳಿಗೆ ಸೇರಿಸುವುದು. ಈ ತಳಿಯಲ್ಲಿ ಲಾನ್ ಮತ್ತು ಓಂಪ್‌ಟಿ ಎಂಬ ಎರಡು ಪ್ರೋಟೀನ್-ಭಕ್ಷಕ ಕಿಣ್ವಗಳಿಲ್ಲ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ, ದ್ರವ ಎಷ್ಟು ಮಬ್ಬಾಗಿದೆ ಎಂದು ಹೇಳುವ ಆಪ್ಟಿಕಲ್ ಡೆನ್ಸಿಟಿ 0.6ರ ಆಸುಪಾಸಿಗೆ ಬಂದಾಗ 0.1ರಿಂದ 1 ಮಿಲಿಮೋಲಾರ್ ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಜೀನ್ ಚಾಲೂ. ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಾಗಳನ್ನಷ್ಟೇ ಉಳಿಸಲು ಆಂಪಿಸಿಲಿನ್ ಎಂಬ ಪ್ರತಿಜೀವಕ ಬಳಸುವವರು ಒಂದು ಮಾತು ನೆನಪಿಡಬೇಕು: ಬ್ಯಾಕ್ಟೀರಿಯಾಗಳು ಹೊರಬಿಡುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಕೆಲವೇ ಗಂಟೆಗಳಲ್ಲಿ ಔಷಧವನ್ನೇ ಮುಗಿಸಿಬಿಡುತ್ತದೆ. ಆಮೇಲೆ ಪ್ಲಾಸ್ಮಿಡ್ ಕಳಚಿಕೊಂಡ ಸೋಮಾರಿಗಳೇ ಹೆಚ್ಚಾಗಿ, ಫ್ಲಾಸ್ಕ್ ತುಂಬಾ ಬ್ಯಾಕ್ಟೀರಿಯಾ ಇದ್ದರೂ ಪ್ರೋಟೀನ್ ಇರುವುದಿಲ್ಲ. ಮಾನವ ಜೀನಿನಲ್ಲಿ ಸಾಮಾನ್ಯವಾದ ಎಜಿಎ, ಎಜಿಜಿ ಎಂಬ ಕೋಡಾನ್‌ಗಳು (ಅಮೈನೋ ಆಮ್ಲ ಸೂಚಿಸುವ ಮೂರಕ್ಷರದ ಸಂಕೇತಗಳು) ಇ. ಕೋಲೈಗೆ ಅಪರೂಪ, ಅವುಗಳ ಬಳಿ ಪ್ರೋಟೀನ್ ಹೆಣೆಯುವ ರೈಬೋಸೋಮ್ ತಡವರಿಸುತ್ತದೆ. ಜೀನನ್ನು ಬ್ಯಾಕ್ಟೀರಿಯಾದ ರೂಢಿಗೆ ತಕ್ಕಂತೆ ಬರೆಸಿ ತರಿಸಿದರೆ ಆ ತೊಂದರೆ ತಪ್ಪುತ್ತದೆ.

ಮೂರು ನಾಲ್ಕು ಗಂಟೆಯ ನಂತರ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಜೆಲ್ ಓಡಿಸಿದಾಗ ದಪ್ಪ ಗೆರೆ ಕಂಡರೆ ಹೊಸಬರು ಕುಣಿಯುತ್ತಾರೆ. ತಡೆಯಿರಿ. ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನೂ ತಳದ ಗಷ್ಟನ್ನೂ ಬೇರೆ ಬೇರೆ ಓಡಿಸಬೇಕು. ಗೆರೆ ಗಷ್ಟಿನ ಕಡೆ ಇದ್ದರೆ ಪ್ರೋಟೀನ್ ಗಂಟು ಕಟ್ಟಿದೆ ಎಂದರ್ಥ. ಇದಕ್ಕೆ ‘ಇನ್ಕ್ಲೂಷನ್ ಬಾಡಿ’ ಎನ್ನುತ್ತಾರೆ.

ಯಾಕೆ ಹೀಗೆ? ಸರದ ಕೆಲವು ಅಮೈನೋ ಆಮ್ಲಗಳಿಗೆ ನೀರು ಕಂಡರಾಗದು. ಸರಿಯಾಗಿ ಮಡಚಿಕೊಂಡಾಗ ಅವು ಒಳಗೆ ಅಡಗುತ್ತವೆ. ಟಿ7 ಪ್ರಮೋಟರ್‌ನಿಂದ ಜೀನನ್ನು ಓದುವ ಟಿ7 ಪಾಲಿಮರೇಸ್ ಇ. ಕೋಲೈನ ಸ್ವಂತ ಕಿಣ್ವಕ್ಕಿಂತ ಹಲವು ಪಟ್ಟು ವೇಗದ್ದು. ಅರ್ಧಂಬರ್ಧ ಮಡಚಿದ ಸರಗಳು ರಾಶಿರಾಶಿಯಾಗಿ ಹುಟ್ಟಿ, ಒಂದರ ಬಯಲಾದ ಭಾಗ ಇನ್ನೊಂದರದ್ದಕ್ಕೆ ಅಂಟುತ್ತದೆ. ಸ್ವಲ್ಪವೇ ನೀರಿಗೆ ಸೇರುಗಟ್ಟಲೆ ಶಾವಿಗೆ ಸುರಿದರೆ ಆಗುವ ಮುದ್ದೆಯಂತೆ ಇದು. ಇನ್ಸುಲಿನ್‌ಗಂತೂ ಮೂರು ಗಂಧಕ-ಗಂಧಕ ಬಂಧಗಳು ಬೇಕು. ಅವನ್ನು ಬಿಡಿಸುವ ಥಯೋರೆಡಾಕ್ಸಿನ್, ಗ್ಲುಟಾಥಯೋನ್ ವ್ಯವಸ್ಥೆಗಳಿರುವ ಇ. ಕೋಲೈನ ಕೋಶದ್ರವ್ಯದಲ್ಲಿ ಅಂಥ ಬಂಧ ಮೂಡಿದರೂ ಉಳಿಯದು.

ಬೇರೆ ಪ್ರೋಟೀನುಗಳಿಗೆ ಸುಲಭದ ಮದ್ದು ಚಳಿ: ಐಪಿಟಿಜಿಯನ್ನು 0.1 ಮಿಲಿಮೋಲಾರ್‌ಗೆ ಇಳಿಸಿ, 16–18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು. ಉತ್ಪಾದನೆ ನಿಧಾನವಾಗುತ್ತದೆ, ಮಡಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಕಾರ್ಖಾನೆಯವರು ಮಾತ್ರ ಇನ್ಸುಲಿನ್ ವಿಷಯದಲ್ಲಿ ಗಂಟನ್ನೇ ವರವಾಗಿಸಿಕೊಂಡರು. ಗಂಟಿನೊಳಗಿನ ಸರಕ್ಕೆ ಕಿಣ್ವಗಳ ಹಲ್ಲು ತಾಗದು. ಗಂಟು ಭಾರವಾದ್ದರಿಂದ ತಿರುಗಿಸಿದರೆ ತಳಕ್ಕಿಳಿಯುತ್ತದೆ, ತೊಳೆದರೆ ಬಹುಪಾಲು ಬೇಕಾದ ಪ್ರೋಟೀನೇ ಉಳಿಯುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. 8 ಮೋಲಾರ್ ಯೂರಿಯಾ ಅಥವಾ 6 ಮೋಲಾರ್ ಗ್ವಾನಿಡೀನ್ ಹೈಡ್ರೋಕ್ಲೋರೈಡ್‌ನಲ್ಲಿ, ಜೊತೆಗೆ ಗಂಧಕದ ಬಂಧ ಬಿಡಿಸುವ ಡಿಟಿಟಿ ಹಾಕಿ, ಗಂಟನ್ನು ಪೂರ್ತಿ ಬಿಡಿಸಬೇಕು. ಯೂರಿಯಾ ದ್ರಾವಣ ಅಂದಂದಿನದೇ ಆಗಿರಲಿ, ಬಿಸಿ ಮಾಡುವುದು ಬೇಡ. ಹಳೆಯದರಲ್ಲಿ ಹುಟ್ಟುವ ಸಯನೇಟ್ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿ ಕೆಡಿಸುತ್ತದೆ. ಬಿಡಿಸಿದ ಮೇಲೆ ಹನಿಹನಿಯಾಗಿ ದೊಡ್ಡ ಪಾತ್ರೆಯ ಬಫರ್‌ಗೆ (ಆಮ್ಲೀಯತೆ ಏರಿಳಿಯದ ದ್ರಾವಣಕ್ಕೆ) ಇಳಿಸಬೇಕು. ಪ್ರಯೋಗಾಲಯದಲ್ಲಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ಪ್ರೋಟೀನ್ ಸುರಕ್ಷಿತ ಗಡಿ. ಸರಗಳು ದೂರದೂರ ಇದ್ದರೆ ತಮ್ಮೊಳಗೇ ಮಡಚಿಕೊಳ್ಳುತ್ತವೆ, ಹತ್ತಿರ ಬಂದರೆ ಮತ್ತೆ ಮುದ್ದೆ. ಬಫರ್‌ನಲ್ಲಿ ಗ್ಲುಟಾಥಯೋನ್‌ನ ಎರಡೂ ರೂಪಗಳು, ಅಪಕರ್ಷಿತವೂ ಉತ್ಕರ್ಷಿತವೂ, ಬೇಕು. ಇನ್ಸುಲಿನ್‌ನಲ್ಲಿ ಗಂಧಕದ ಬಂಧ ಹಾಕುವ ಆರು ಸಿಸ್ಟೀನ್‌ಗಳು ಜೋಡಿಯಾಗಲು 15 ದಾರಿಗಳಿದ್ದು ಒಂದೇ ಸರಿ. ತಪ್ಪು ಜೋಡಿ ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ಅವಕಾಶ ಇರಲೇಬೇಕು. ಡಿಟಿಟಿ ಹೆಚ್ಚು ಉಳಿದರೆ ಯಾವ ಬಂಧವೂ ನಿಲ್ಲದು.

ಈ 15ರ ಲೆಕ್ಕವನ್ನು ನಮ್ಮ ದೇಹ ಜಾಣತನದಿಂದ ದಾಟುತ್ತದೆ. ಅಲ್ಲಿ ಇನ್ಸುಲಿನ್ ಮೊದಲು 86 ಅಮೈನೋ ಆಮ್ಲಗಳ ಪ್ರೋಇನ್ಸುಲಿನ್ ಎಂಬ ಒಂದೇ ಸರವಾಗಿ ಮಡಚಿಕೊಳ್ಳುತ್ತದೆ. ನಡುವಿನ ತುಂಡು ಎರಡು ತುದಿಗಳನ್ನೂ ಹತ್ತಿರ ಹಿಡಿದಿಟ್ಟು ಕೆಲಸ ಮುಗಿದಾಗ ಕತ್ತರಿಸಿಹೋಗುತ್ತದೆ. ಎರಡು ಸರಗಳ ಪಾಡು ಪಟ್ಟ ಮೇಲೆ ತಯಾರಕರೂ ಇದೇ ದಾರಿ ಹಿಡಿದರು. ಪ್ರೋಇನ್ಸುಲಿನ್ ಮಡಚಿಸಿ, ಟ್ರಿಪ್ಸಿನ್ ಮತ್ತು ಕಾರ್ಬಾಕ್ಸಿಪೆಪ್ಟಿಡೇಸ್ ಬಿ ಎಂಬ ಕಿಣ್ವಗಳಿಂದ ನಡುವಿನದನ್ನು ತೆಗೆದು, ಕ್ರೊಮಟಾಗ್ರಫಿ ಎಂಬ ಬೇರ್ಪಡಿಸುವ ವಿಧಾನದಲ್ಲಿ ಹಲವು ಸುತ್ತು ಶುದ್ಧಗೊಳಿಸುತ್ತಾರೆ. ಆಗ ಇ. ಕೋಲೈನ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಹೋಗಿದೆಯೇ ಎಂದು ನೋಡಲೇಬೇಕು, ಉಳಿದರೆ ರೋಗಿಗೆ ಜ್ವರ.

ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್‌ಗೆ ಬ್ಯಾಕ್ಟೀರಿಯಾವನ್ನೇ ಬಿಟ್ಟು ಪಿಕಿಯಾ ಎಂಬ ಯೀಸ್ಟನ್ನು ಆರಿಸಿಕೊಂಡಿತು. ಯೀಸ್ಟ್ ಪ್ರೋಟೀನನ್ನು ಮಡಚಿ, ಗಂಧಕದ ಬಂಧ ಹಾಕಿ, ಕೋಶದ ಹೊರಗೆ ಸುರಿಯುತ್ತದೆ, ಯೂರಿಯಾದ ರಗಳೆಯಿಲ್ಲ. ಆದರೆ ಅದು ಪ್ರೋಟೀನುಗಳಿಗೆ ಅಂಟಿಸುವ ಸಕ್ಕರೆ ಸರಪಳಿಗಳು ಮನುಷ್ಯರಂಥವಲ್ಲ, ಇ. ಕೋಲೈ ಅಂತೂ ಅವನ್ನು ಅಂಟಿಸುವುದೇ ಇಲ್ಲ. ಇನ್ಸುಲಿನ್‌ಗೆ ಸಕ್ಕರೆ ಬೇಡವಾದ್ದರಿಂದ ಎರಡೂ ನಡೆಯುತ್ತವೆ. ರಕ್ತಹೀನತೆಗೆ ಕೊಡುವ ಎರಿಥ್ರೊಪಾಯಿಟಿನ್‌ಗೆ ಆ ಸಕ್ಕರೆ ಇಲ್ಲದಿದ್ದರೆ ರಕ್ತದಲ್ಲಿ ಬೇಗ ಮಾಯವಾಗುತ್ತದೆ. ಅದನ್ನು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಕೋಶಗಳಲ್ಲಿ ಬೆಳೆಸುತ್ತಾರೆ.